ಮೊಟ್ಟೆ ಇಡುವ ಮುನ್ನಿನ ಕೂಗು

ಕೋಳಿ ಸಾಕಣೆ ವಿಭಾಗಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಹೋದ ತಿಂಗಳು ನಮ್ಮ ಮನೆಗೆ ಬಂದಿದ್ದಳು. ಕಾಫಿ ಕುಡಿದು, ಅದೂ ಇದೂ ಮಾತಾಡಿ, ಹೊರಡುವ ಹೊತ್ತಿಗೆ ಕೇಳಿದಳು: "ಮೇಡಂ, ಶೆಡ್ಡಿನೊಳಗೆ ಕಾಲಿಟ್ಟ ಕೂಡಲೇ ಮೊದಲು ಏನು ನೋಡಬೇಕು?"

"ಕಾಲಿಡಲೇಬೇಡ. ಬಾಗಿಲ ಹೊರಗೆ ಸ್ವಲ್ಪ ಹೊತ್ತು ನಿಂತು ಕೇಳಿಸಿಕೋ," ಎಂದೆ.

ಮುದುಕಿ ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡಳೋ ಏನೋ, ನಕ್ಕಳು. ಈಗ ಕೋಳಿಮನೆಯ ಸದ್ದು ಕೇಳಿ ರೋಗ ಹೇಳುವ ಯಂತ್ರಗಳು ಬರುತ್ತಿವೆಯಂತೆ, ಅವಳೇ ಹೇಳಿದಳು. ಬರಲಿ, ಒಳ್ಳೆಯದೇ. ಆದರೆ ಕೇಳಿಸಿದ ಮೇಲೆ ಏನು ಮಾಡಬೇಕು ಅನ್ನುವುದನ್ನು ಯಂತ್ರ ಹೇಳುವುದಿಲ್ಲ. ನನ್ನ ಕೆಲಸದಲ್ಲಿ ಕಷ್ಟವಾಗಿದ್ದದ್ದು ಅದೇ. ಅವಳಿಗೆ ಬಸ್ಸಿಗೆ ಹೊತ್ತಾಗಿತ್ತು. ಆವತ್ತು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಪಶುವೈದ್ಯ ಪದವಿ ಮುಗಿಸಿದ್ದು ಐವತ್ತರ ದಶಕದ ನಡುವೆ, ಮದರಾಸಿನಲ್ಲಿ. ಆಗ ಆ ಓದಿಗೆ ಹೆಣ್ಣುಮಕ್ಕಳು ಬರುತ್ತಿದ್ದುದೇ ಅಪರೂಪ. ಕೆಲಸ ಕೊಡುವಾಗ ಮೇಲಿನವರಿಗೆ ಪೇಚಾಟವಾಯಿತು. ದನ, ಎಮ್ಮೆ, ಕುದುರೆ ಇವೆಲ್ಲ ಗಂಡಸರ ಕೆಲಸ. ಹಳ್ಳಿ ಸುತ್ತಬೇಕು, ಹಗ್ಗ ಹಿಡಿಯಬೇಕು. ಹುಡುಗಿಗೆ ಏನು ಕೊಡುವುದು? ಕೋಳಿ ಕೊಟ್ಟರು. ಪಲ್ಲಾವರಂ ಆಚೆಗೆ ಇಲಾಖೆಯದೊಂದು ಕೋಳಿ ಫಾರಂ ಇತ್ತು, ಅಲ್ಲಿಗೆ ಹಾಕಿದರು.

ಈ ಸುದ್ದಿಯನ್ನು ಅಪ್ಪಯ್ಯನಿಗೆ ಹೇಳುವುದೇ ನನಗೆ ದೊಡ್ಡ ಪರೀಕ್ಷೆಯಾಯಿತು. ಅಪ್ಪಯ್ಯ ಕೋಟದ ಕಡೆಯಿಂದ ಚಿಕ್ಕ ವಯಸ್ಸಿನಲ್ಲೇ ಮದರಾಸಿಗೆ ಬಂದು, ಪಾತ್ರೆ ತೊಳೆದು, ದೋಸೆ ಹುಯ್ದು, ಕೊನೆಗೆ ವೆಸ್ಟ್ ಮಾಂಬಲಂ ಸ್ಟೇಷನ್ನಿನ ಹತ್ತಿರ ಸ್ವಂತದ್ದೊಂದು ಸಸ್ಯಾಹಾರಿ ಹೋಟೆಲು ಮಾಡಿಕೊಂಡವರು. ಹೋಟೆಲಿನ ಹಿಂದೆಯೇ ನಮ್ಮ ಮನೆ. ಈರುಳ್ಳಿಯನ್ನು ಕೂಡ ಕೆಲವು ದಿನ ಒಳಗೆ ಬಿಡದ ಅಡಿಗೆಮನೆ ಅದು.

"ಕೋಳಿ ಡಾಕ್ಟ್ರಾ?" ಎಂದರು. "ಎಂತ ಮಗಾ ಇದ್? ದನದ್ ಡಾಕ್ಟ್ರ್ ಅಂದ್ರೆ ಹೇಳ್ಕಂಬುಕಾದ್ರೂ ಆತಿತ್ತ್."

"ಕೋಳಿಗೂ ಜೀವ ಇತ್ತಲ್ದಾ ಅಪ್ಪಯ್ಯ?" ಎಂದೆ. ನಮ್ಮ ಕಡೆ ಇತ್ತ್ ಅಂದರೆ ಇದೆ ಎಂದು.

"ಜೀವ ಇತ್ತ್. ನಮ್ಮ್ ಗಿರಾಕಿಗಳಿಗೆ ಕಣ್ಣೂ ಇತ್ತ್."

ಕೊನೆಗೆ ಅಮ್ಮ ಒಂದು ಏರ್ಪಾಡು ಮಾಡಿದಳು. ನಾನು ಸಂಜೆ ಬಂದವಳು ಹೋಟೆಲಿನ ಮುಂದಿನಿಂದ ಬರಕೂಡದು. ಹಿಂದಿನ ಓಣಿಯಿಂದ ಬಂದು, ಬಚ್ಚಲಲ್ಲಿ ಸ್ನಾನ ಮಾಡಿ, ಸೀರೆ ಬದಲಿಸಿ ಒಳಗೆ ಬರಬೇಕು. ಮದುವೆಯಿಲ್ಲದೆ ಆ ಮನೆಯಲ್ಲಿ ಕಳೆದ ಅಷ್ಟು ವರ್ಷವೂ ಹಾಗೇ ನಡೆಯಿತು.

ಫಾರಂನಲ್ಲಿ ನನ್ನ ಮೇಲಧಿಕಾರಿ ನಟೇಶನ್ ಸಾರ್. ಉದ್ದಕ್ಕೆ ಒಣಗಿದ ಮನುಷ್ಯ, ತಲೆಗೆ ಬಿಸಿಲ ಟೋಪಿ, ಮಾತು ಕಡಿಮೆ. ಆಡುತ್ತಿದ್ದ ಮಾತೂ ಅರ್ಧ ತಮಿಳು, ಅರ್ಧ ಇಂಗ್ಲಿಷು; ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೊದಲ ದಿನ ನಾನು ಉತ್ಸಾಹದಲ್ಲಿ ಶೆಡ್ಡಿನ ಅಗಳಿಗೆ ಕೈ ಹಾಕಿದೆ. "ಇರಮ್ಮಾ," ಎಂದು ತಡೆದರು. ಬಾಗಿಲಿಗೆ ಕಿವಿ ಒಡ್ಡಿ ನಿಂತರು. ಒಳಗೆ ಕೋಳಿಗಳ ಗದ್ದಲ, ಕಾಳು ಕುಟ್ಟುವ ಸದ್ದು, ನೀರಿನ ತೊಟ್ಟಿಯ ಟಪಟಪ. ಸಾರ್ ತುಟಿ ಕೂಡಿಸಿ ಒಂದೇ ಒಂದು ಸಿಳ್ಳೆ ಹಾಕಿದರು. ಯಾರೋ ಸ್ವಿಚ್ಚು ಆರಿಸಿದ ಹಾಗೆ ಇಡೀ ಶೆಡ್ಡು ಗಪ್ಪಾಯಿತು.

"ಈಗ ಕೇಳು," ಎಂದು ಪಿಸುಗುಟ್ಟಿದರು.

ನನಗೆ ಏನೂ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಗದ್ದಲ ಶುರುವಾಯಿತು.

"ಏನೂ ಇಲ್ಲ ಸಾರ್."

"ಏನೂ ಇಲ್ಲದಿದ್ದರೆ ಅದೇ ಒಳ್ಳೆಯ ಸುದ್ದಿ. ಸದ್ದು ಕೇಳಿದರೆ ಕೋಳಿ ಬೆಚ್ಚಿ ಸುಮ್ಮನಾಗುತ್ತೆ. ಆದರೆ ಗಂಟಲು ಕಟ್ಟಿದ ಕೋಳಿಗೆ ಉಸಿರನ್ನು ಸುಮ್ಮನಾಗಿಸೋಕೆ ಆಗಲ್ಲ. ಕೆಮ್ಮು, ಗೊರಗೊರ ಎಲ್ಲಾ ಆ ಮೌನದಲ್ಲಿ ಸಿಕ್ಕಿಬೀಳುತ್ತೆ. ಕಣ್ಣಿಗೆ ಕಾಣೋದು ಆಮೇಲೆ."

ಅರ್ಥವಾಯಿತು. ಆದರೆ ನನಗೆ ಸಿಳ್ಳೆ ಹಾಕಲು ಬರುತ್ತಿರಲಿಲ್ಲ. ಬರುವುದು ಹೇಗೆ? ನಮ್ಮ ಮನೆಯ ಹೆಣ್ಣುಮಕ್ಕಳು ಯಾರಾದರೂ ಸಿಳ್ಳೆ ಹಾಕಿದ್ದುಂಟೆ? ನಾನು ತುಟಿ ಚೂಪು ಮಾಡಿ ಊದಿದರೆ ಗಾಳಿ ಮಾತ್ರ ಬರುತ್ತಿತ್ತು. ಶೆಡ್ಡಿನ ಕೆಲಸಕ್ಕಿದ್ದ ಮುನಿಯಮ್ಮ ಅದನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಅವಳು ಕಾಸಿಮೇಡಿನ ಮೀನುಗಾರರ ಮನೆಯಲ್ಲಿ ಹುಟ್ಟಿ ಪಲ್ಲಾವರಕ್ಕೆ ಮದುವೆಯಾಗಿ ಬಂದವಳು. "ಡಾಕ್ಟರಮ್ಮಾ, ಇಪ್ಪಡಿ," ಎಂದು ಎರಡು ಬೆರಳು ನಾಲಿಗೆಯ ಕೆಳಗಿಟ್ಟು ಒಂದು ಸಿಳ್ಳೆ ಹಾಕಿದಳು ನೋಡಿ, ಕೋಳಿಗಳಿರಲಿ, ಆಚೆ ಆಫೀಸಿನ ಗುಮಾಸ್ತರೂ ಸುಮ್ಮನಾದರು.

ನಾನು ಮನೆಯ ಬಚ್ಚಲಲ್ಲಿ ಅಭ್ಯಾಸ ಮಾಡಿದೆ. ಒಂದು ಸಂಜೆ ಅದು ಕೂಡಿಬಂತು. ಉದ್ದಕ್ಕೆ, ಗಟ್ಟಿಯಾಗಿ, ಸಕ್ಕತ್ತಾಗಿ ಕೂಡಿಬಂತು. ಹೋಟೆಲಿನಿಂದ ಅಪ್ಪಯ್ಯ ಓಡಿಬಂದರು.

"ಇದ್ ಯಾರ್ ಸಿಳ್ಳೆ ಹಾಕೂದ್?"

"ನಾನೇ ಅಪ್ಪಯ್ಯ. ಕೆಲ್ಸದ್ದ್."

"ಹೆಣ್ಮಕ್ಳ್ ಸಿಳ್ಳೆ ಹಾಕುಕಿಲ್ಲೆ ಮಗಾ," ಎಂದವರು ಬಚ್ಚಲ ಬಾಗಿಲ ಹೊರಗೆ ಸ್ವಲ್ಪ ಹೊತ್ತು ನಿಂತೇ ಇದ್ದರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: "ಹೊರ್ಗೆ ಹಾಕ್‌ಬೇಡ. ಫಾರಮ್ಮಂಗೆ ಹಾಕ್."

ಆ ಸಿಳ್ಳೆ ಮರುವರ್ಷವೇ ನಮ್ಮ ಫಾರಂ ಉಳಿಸಿತು. ಒಂದು ಸಂಜೆ ಕೋಳಿಗಳು ಕೂರುವ ಅಡ್ಡಪಟ್ಟಿ ಏರಿ ಕುಳಿತ ಹೊತ್ತು. ನಾನು ನಾಲ್ಕನೇ ಶೆಡ್ಡಿನ ಬಾಗಿಲಲ್ಲಿ ಸಿಳ್ಳೆ ಹಾಕಿದೆ. ಮೌನದೊಳಗೆ ಎಡ ಮೂಲೆಯಿಂದ ಒಂದು ಒದ್ದೆ ಸದ್ದು ಬಂತು, ಚಿಕ್ ಅಂತ, ಯಾರೋ ಸೀನನ್ನು ತಡೆದುಕೊಂಡ ಹಾಗೆ. ಮತ್ತೆ ಇನ್ನೊಂದು. ಒಳಗೆ ಹೋಗಿ ಒಂದೊಂದೇ ಹಕ್ಕಿ ಹಿಡಿದು ನೋಡಿದೆ. ಜುಟ್ಟು ಕೆಂಪಗಿದೆ, ಕಣ್ಣು ಚುರುಕಾಗಿದೆ, ಮೇವು ಖಾಲಿಯಾಗಿದೆ. ರೋಗದ ಒಂದು ಗುರುತೂ ಇಲ್ಲ. ಹಾಗಿದ್ದೂ, ಮನೆಗೆ ಹೋಗಲು ಸೈಕಲ್ ಹತ್ತುತ್ತಿದ್ದ ಸಾರ್ ಅವರನ್ನು ನಿಲ್ಲಿಸಿ ಹೇಳಿದೆ. ಅವರು ಬಂದರು, ಕಿವಿಗೊಟ್ಟರು, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆ ಶೆಡ್ಡಿನ ಜನ ಬೇರೆ ಶೆಡ್ಡಿಗೆ ಹೋಗಕೂಡದು, ಬಕೆಟ್ಟು ಕೂಡ ಹೋಗಕೂಡದು ಎಂದು ಅಲ್ಲೇ ಅಪ್ಪಣೆ ಮಾಡಿದರು. ಉಳಿದ ಶೆಡ್ಡುಗಳಿಗೆ ಮತ್ತೆ ಲಸಿಕೆ ಹಾಕಿದೆವು. ನಾಲ್ಕನೇ ಶೆಡ್ಡಿನಲ್ಲಿ ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಎದ್ದು ಬಹಳ ಹಕ್ಕಿಗಳು ಸತ್ತವು. ಮಿಕ್ಕ ಶೆಡ್ಡುಗಳು ಉಳಿದವು. ಒಂದು ಸೀನಿನ ಸದ್ದನ್ನು ನಂಬಿ ಅಷ್ಟು ಮಾಡಿದ ಅಧಿಕಾರಿ ಅವರು. ಇದನ್ನು ಮುಂದಿನದಕ್ಕಾಗಿ ನೀವು ನೆನಪಿಟ್ಟುಕೊಳ್ಳಬೇಕು.

ಮರಿಗಳ ಪಾಠ ಕಲಿತದ್ದು ವಿಮಾನ ನಿಲ್ದಾಣದಲ್ಲಿ. ಹೊರದೇಶದ ಒಳ್ಳೆಯ ತಳಿಯ ಮರಿಗಳು ಆಗ ವಿಮಾನದಲ್ಲಿ ಬರುತ್ತಿದ್ದವು, ಒಂದು ದಿನದ ಕೂಸುಗಳು, ತೂತು ಕೊರೆದ ರಟ್ಟಿನ ಪೆಟ್ಟಿಗೆಗಳಲ್ಲಿ. ನಿಲ್ದಾಣ ನಮಗೆ ಹತ್ತಿರ, ಆದ್ದರಿಂದ ಇಳಿಸಿಕೊಳ್ಳುವ ಕೆಲಸ ನಮ್ಮದು. ಒಮ್ಮೆ ಪೆಟ್ಟಿಗೆಗಳು ಕಾಗದಪತ್ರದ ತಕರಾರಿನಲ್ಲಿ ಬಿಸಿಲಿಗೆ ಸಿಕ್ಕಿ ಕೂತಿದ್ದವು. ಕೆಲವು ಪೆಟ್ಟಿಗೆಗಳಿಂದ ಕಿವಿ ಕಿತ್ತು ಹೋಗುವಷ್ಟು ಚೀಂವ್‌ಚೀಂವ್. ಅಲ್ಲಿನ ಗುಮಾಸ್ತರು ಕನಿಕರದವರು. "ಪಾಪ, ಅಳುತ್ತಿವೆ, ಇವನ್ನು ಮೊದಲು ಒಯ್ಯಿರಿ," ಎಂದು ಅವನ್ನೇ ಮುಂದಕ್ಕೆ ತಳ್ಳಿದರು. ನಾನು ಸದ್ದಿಲ್ಲದ ಪೆಟ್ಟಿಗೆಗಳನ್ನು ಮೊದಲು ಕೊಡಿ ಎಂದೆ.

"ಅವು ನಿದ್ದೆ ಮಾಡುತ್ತಿವೆ ಮೇಡಂ."

"ನಿದ್ದೆ ಮಾಡುವ ಮರಿ ಮೆಲ್ಲಗೆ ಗುನುಗುತ್ತೆ. ಇವು ಗುನುಗುತ್ತಲೂ ಇಲ್ಲ," ಎಂದು ಮುಚ್ಚಳ ಕಿತ್ತೆ. ಒಳಗೆ ಮರಿಗಳು ರೆಕ್ಕೆ ಹರಡಿ, ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದವು. ಹಸಿದ ಮರಿ, ಚಳಿಯಾದ ಮರಿ ಕೂಗುತ್ತದೆ. ಸೆಕೆಗೆ ಸಿಕ್ಕ ಮರಿಗೆ ಕೂಗುವ ಶಕ್ತಿಯೇ ಇರುವುದಿಲ್ಲ. ನೆರಳಿಗೆ ಒಯ್ದು, ಮುನಿಯಮ್ಮ ಒಂದು ಕಡೆ ನಾನು ಒಂದು ಕಡೆ ಬೀಸಣಿಗೆ ಹಾಕಿ, ಕೊಕ್ಕಿಗೆ ನೀರು ಮುಟ್ಟಿಸಿದೆವು. ಹೆಚ್ಚಿನವು ಬದುಕಿದವು. ಮೊದಲ ಮರಿ ಚೀಂವ್ ಎಂದಾಗ ಮುನಿಯಮ್ಮ ಕೈಮುಗಿದಳು.

ಅರವತ್ತರ ದಶಕಕ್ಕೆ ಕಾಲಿಡುವಾಗ ನಮ್ಮ ಕೈಗೆ ಒಂದು ಟೇಪ್ ರೆಕಾರ್ಡರ್ ಬಂತು. ಇಲಾಖೆಯ ಪ್ರಚಾರದವರು ರೈತರ ಭಾಷಣ ಹಿಡಿಯಲು ತರಿಸಿದ್ದು. ಅವರಿಗೆ ಬೇಸರವಾದ ಮೇಲೆ ನಮಗೆ ಕೊಟ್ಟರು. ಟ್ರಂಕಿನಷ್ಟು ದೊಡ್ಡದು, ಎತ್ತಲು ಇಬ್ಬರು ಬೇಕು, ಮೇಲೆ ಎರಡು ದೊಡ್ಡ ಚಕ್ರ. ಹೊಸಬರಿಗೆ ಕಲಿಸಲು ಸದ್ದುಗಳನ್ನು ಹಿಡಿದಿಡೋಣ ಎನ್ನುವುದು ಸಾರ್ ಅವರದೇ ಯೋಚನೆ. ಕಾವು ಕೂತ ಒಂದು ಹೇಟೆಕೋಳಿ ಮರಿಗಳನ್ನು ಕರೆಯುವ ಸದ್ದು ಹಿಡಿದು, ವಿಮಾನದಲ್ಲಿ ಬಂದ ತಬ್ಬಲಿ ಮರಿಗಳಿಗೆ ಕೇಳಿಸಿದೆವು. ಮರಿಗಳೆಲ್ಲ ಸ್ಪೀಕರಿನ ಮುಂದೆ ಬಂದು ಒತ್ತಿಕೊಂಡು ಕೂತವು! ಸಾರ್ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ಮರುವಾರ ಮೇಲಿನವರನ್ನು ಕರೆಸಿ ತೋರಿಸುವಾಗ ಕರೆಂಟು ಇಳಿಯಿತು. ಟೇಪು ನಿಧಾನವಾಗಿ, ತಾಯಿಕೋಳಿಯ ದನಿ ಹುಲಿ ಗುರುಗುಟ್ಟಿದ ಹಾಗಾಗಿ, ಮರಿಗಳು ದಿಕ್ಕಾಪಾಲಾಗಿ ಓಡಿದವು. ಬಂದವರು ಹೊಟ್ಟೆ ಹಿಡಿದುಕೊಂಡು ನಕ್ಕು, ಕಾಫಿ ಕುಡಿದು ಹೋದರು.

ಇಷ್ಟೆಲ್ಲ ಹೇಳಿದ್ದು ಮಿಸೆಸ್ ರೋಚ್ ಅವರ ಸಂಗತಿಗೆ ಬರಲಿಕ್ಕೆ.

ಮಿಸೆಸ್ ರೋಚ್ ಪಲ್ಲಾವರಂನಲ್ಲಿದ್ದ ಆಂಗ್ಲೋ ಇಂಡಿಯನ್ ಹೆಂಗಸು. ಗಂಡ ರೈಲ್ವೆಯಲ್ಲಿದ್ದು ತೀರಿಕೊಂಡಿದ್ದರು. ಹೂವಿನ ಗೌನು, ತಲೆಗೆ ಕರವಸ್ತ್ರ ಕಟ್ಟಿ, ಮನೆಯ ಹಿಂದಿನ ಅಂಗಳದಲ್ಲಿ ಕೋಳಿ ಸಾಕಿ ಬದುಕುತ್ತಿದ್ದರು. ಕೋಳಿಗಳನ್ನು "ನನ್ನ ಹುಡುಗಿಯರು" ಎನ್ನುತ್ತಿದ್ದರು, ಇಂಗ್ಲಿಷಿನಲ್ಲಿ. ಇಲಾಖೆಯ ಯೋಜನೆಯಲ್ಲಿ ನಾವು ಅವರಿಗೆ ಮರಿ, ಮೇವು ಒದಗಿಸುತ್ತಿದ್ದೆವು, ಮೊಟ್ಟೆಯನ್ನು ನಮ್ಮ ವ್ಯಾನೇ ಬಂದು ಒಯ್ಯುತ್ತಿತ್ತು. ಅಚ್ಚುಕಟ್ಟಿನ ಮನೆ ಎಂದು ಬೇರೆಯವರಿಗೆ ತೋರಿಸಲು ಕರೆದೊಯ್ಯುತ್ತಿದ್ದೆವು.

ಆ ವರ್ಷಗಳಲ್ಲಿ ತಂತಿಯ ಗೂಡುಗಳು ಬಂದವು. ಅಲ್ಲಿಯವರೆಗೆ ಕೋಳಿಗಳು ನೆಲದ ಮೇಲೆ, ಹೊಟ್ಟು ಹಾಸಿದ ಶೆಡ್ಡಿನಲ್ಲಿ ಓಡಾಡಿಕೊಂಡಿರುತ್ತಿದ್ದವು, ಮೊಟ್ಟೆಯಿಡಲು ಮೂಲೆಯಲ್ಲಿ ಹುಲ್ಲಿನ ಪೆಟ್ಟಿಗೆಗಳು. ಹೊಸ ವಿಧಾನದಲ್ಲಿ ಒಂದೊಂದು ಕೋಳಿಗೆ ಒಂದೊಂದು ತಂತಿಗೂಡು, ಸಾಲು ಸಾಲಾಗಿ. ಮೊಟ್ಟೆ ಉರುಳಿ ತಾನಾಗಿ ಮುಂದಕ್ಕೆ ಬರುತ್ತದೆ. ಮೊಟ್ಟೆ ಶುಭ್ರ, ರೋಗ ಕಡಿಮೆ, ಜಾಗವೂ ಕಡಿಮೆ ಸಾಕು. ನಟೇಶನ್ ಸಾರ್‌ಗೆ ಅದರ ಮೇಲೆ ಬಹಳ ಭರವಸೆ. ನನಗೂ ಇತ್ತು. ನಮ್ಮ ಫಾರಂನಲ್ಲಿ ಒಂದು ಶೆಡ್ಡು, ಮಿಸೆಸ್ ರೋಚ್ ಅಂಗಳದಲ್ಲಿ ಒಂದಿಷ್ಟು ಸಾಲು, ಪ್ರಯೋಗಕ್ಕೆಂದು ಹಾಕಿಸಿದೆವು.

ಸ್ವಲ್ಪ ಕಾಲದ ನಂತರ ಮಿಸೆಸ್ ರೋಚ್ ಫಾರಂಗೆ ಬಂದರು.

"ಡಾಕ್ಟರ್, ನನ್ನ ಹುಡುಗಿಯರು ಸುಖವಾಗಿಲ್ಲ."

"ಮೊಟ್ಟೆ ಕಡಿಮೆಯಾಗಿದೆಯೆ?"

"ಇಲ್ಲ. ಹೆಚ್ಚೇ ಆಗಿದೆ."

"ಮೇವು?"

"ತಿನ್ನುತ್ತವೆ. ಎಲ್ಲಾ ಸರಿಯಾಗಿದೆ. ಬೆಳಿಗ್ಗೆ ನೀವೇ ಬಂದು ಕೇಳಿ."

ಹೋದೆ. ಅವರ ಅಡಿಗೆಮನೆಯ ಮೆಟ್ಟಿಲ ಮೇಲೆ ಕೂತೆ. ಮೊಟ್ಟೆಯಿಡುವ ಹೊತ್ತು ಹತ್ತಿರ ಬಂದಂತೆ ಒಂದು ಗೂಡಿನಿಂದ ಸದ್ದು ಶುರುವಾಯಿತು. ಮೊಟ್ಟೆಯಿಟ್ಟ ಮೇಲಿನ ಕೊಕ್ಕೊಕ್ಕೋ ಅಲ್ಲ, ಹದ್ದು ಕಂಡ ಕಿರುಚಾಟ ಅಲ್ಲ. ಎಳೆದು, ಎಳೆದು, ಕೊನೆಗೆ ತುಂಡು ತುಂಡಾಗಿ ಕುಸಿಯುವ ಒಂದು ನರಳು. ಆ ಕೋಳಿ ಗೂಡಿನಲ್ಲಿ ಎರಡು ಹೆಜ್ಜೆ ಆ ಕಡೆ, ಎರಡು ಹೆಜ್ಜೆ ಈ ಕಡೆ ತಿರುಗುತ್ತ, ತಂತಿಯ ಸಂದಿಯಲ್ಲಿ ಕತ್ತು ತೂರಿಸುತ್ತ ನರಳುತ್ತಿತ್ತು. ಪಕ್ಕದ್ದು ಶುರುಮಾಡಿತು, ಅದರ ಪಕ್ಕದ್ದು. ಮೊಟ್ಟೆ ಬಿದ್ದ ಮೇಲೆ ನಿಂತಿತು.

ನಮ್ಮ ಗೂಡಿನ ಶೆಡ್ಡಿಗೆ ಓಡಿದೆ. ಅಲ್ಲೂ ಅದೇ. ದಿನಾ ಇದ್ದದ್ದೇ, ಅಷ್ಟು ಕೋಳಿಗಳ ಗದ್ದಲದಲ್ಲಿ ನಾನು ಬಿಡಿಸಿ ಕೇಳಿರಲಿಲ್ಲ. ಹುಲ್ಲಿನ ಪೆಟ್ಟಿಗೆಯಿದ್ದ ಹಳೆಯ ಶೆಡ್ಡಿನಲ್ಲಿ ಕೂತು ಕಾದೆ. ಅಲ್ಲಿ ಕೋಳಿ ಪೆಟ್ಟಿಗೆಗೆ ನುಗ್ಗುತ್ತದೆ, ಹುಲ್ಲು ಕೆದರುತ್ತದೆ, ಕೂರುತ್ತದೆ. ಆ ನರಳು ಎಲ್ಲೋ ಒಮ್ಮೆ, ಅದೂ ಪೆಟ್ಟಿಗೆಗಳೆಲ್ಲ ತುಂಬಿ ಜಾಗ ಸಿಗದೆ ಹೊರಗೆ ನಿಂತ ಕೋಳಿಯದು.

ಸಾರ್‌ಗೆ ಹೇಳಿದೆ. ಬಂದು ಕೇಳಿದರು. ಬಹಳ ಹೊತ್ತು ಕೇಳಿದರು.

"ಕೇಳಿಸುತ್ತೆ," ಎಂದರು. "ಆದರೆ ಅರ್ಥ ಏನು ಅಂತ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ದುಃಖ ಅಂತ ನೀನು ಅಂದರೆ ಅದು ನಿನ್ನ ದುಃಖ ಇರಬಹುದಮ್ಮಾ, ಕೋಳಿಯದಲ್ಲ."

"ಕೆಮ್ಮಿನ ಅರ್ಥವೂ ಮೊದಲ ಸಲ ಕೇಳಿದವರಿಗೆ ಗೊತ್ತಿರಲಿಲ್ಲ ಸಾರ್."

"ಕೆಮ್ಮಿದ ಕೋಳಿ ಸತ್ತಿತು. ಇದು ಮೊಟ್ಟೆಯಿಡುತ್ತೆ, ಚೆನ್ನಾಗಿಯೇ ಇಡುತ್ತೆ."

ನನಗೆ ಅವರ ಮೇಲೆ ಸಿಟ್ಟು ಬಂತು, ಯಾಕೆಂದರೆ ಅವರು ಹೇಳಿದ್ದು ತಪ್ಪಾಗಿರಲಿಲ್ಲ. ಆದರೂ ಒಂದು ಪ್ರಯೋಗಕ್ಕೆ ಒಪ್ಪಿದರು. ಎರಡು ಗೂಡುಗಳ ನಡುವಿನ ತಂತಿ ಬಿಚ್ಚಿ ಒಂದು ಮಾಡಿ, ಅದರಲ್ಲಿ ಹುಲ್ಲು ತುಂಬಿದ ಮರದ ಪೆಟ್ಟಿಗೆ ಇಟ್ಟೆವು. ಹೀಗೆ ಕೆಲವು ಮಾತ್ರ. ಕೋಳಿಗಳು ಪೆಟ್ಟಿಗೆ ಹೊಕ್ಕವು. ಆ ಗೂಡುಗಳಲ್ಲಿ ನರಳು ಹೆಚ್ಚುಕಡಿಮೆ ನಿಂತೇಹೋಯಿತು. ಪಕ್ಕದವು ನರಳುತ್ತಲೇ ಇದ್ದವು. ಎರಡನ್ನೂ ಟೇಪಿನಲ್ಲಿ ಹಿಡಿದೆ.

ಗೂಡುಗಳನ್ನು ಎಲ್ಲ ಫಾರಂಗಳಿಗೂ ಹಾಕಿಸಬೇಕೆ ಎಂದು ತೀರ್ಮಾನಿಸುವ ಸಭೆ ಹತ್ತಿರದಲ್ಲಿತ್ತು. ಅಲ್ಲಿ ಕೇಳಿಸಲು ಟೇಪನ್ನು ಕತ್ತರಿಸಿ ಜೋಡಿಸಬೇಕು. ಭಾನುವಾರ ವ್ಯಾನಿನಲ್ಲಿ ರೆಕಾರ್ಡರನ್ನು ಮನೆಗೆ ತಂದೆ. ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಆ ನರಳನ್ನು ಮತ್ತೆ ಮತ್ತೆ ಹಾಕಿ ಕೇಳುತ್ತಿದ್ದೆ. ಬಾಗಿಲು ಬಡಿದ ಸದ್ದಾಯಿತು. ಅಪ್ಪಯ್ಯ, ಕೈಯೆಲ್ಲ ರುಬ್ಬಿದ ಹಿಟ್ಟು.

"ಯಾರ್ ಮಗಾ ಮರ್ಕೂದ್?"

ನಮ್ಮ ಕಡೆ ಅಳುವುದಕ್ಕೆ ಮರ್ಕುವುದು ಎನ್ನುತ್ತಾರೆ. ಮನೆಯಲ್ಲಿ ಯಾರೋ ಅಳುತ್ತಿದ್ದಾರೆ ಎಂದು ಹೆದರಿ ಬಂದಿದ್ದರು.

"ಯಾರೂ ಅಲ್ಲ ಅಪ್ಪಯ್ಯ. ಕೋಳಿ. ಮೊಟ್ಟೆ ಇಡುಕೆ ಜಾಗ ಇಲ್ದೆ."

ಕೋಳಿಯ ದನಿ ಮನೆಯೊಳಗೆ ಬಂತೆಂದು ಸಿಟ್ಟಾಗುತ್ತಾರೆ ಅಂದುಕೊಂಡೆ. ಅವರು ಚಕ್ರ ತಿರುಗುವುದನ್ನೇ ನೋಡುತ್ತ ನಿಂತರು.

"ಜಾಗ ಮಾಡ್ ಕೊಡುಕೆ ಆತಿಲ್ಯಾ?"

"ಅದ್ನೇ ಕೇಂಬುಕೆ ಹೊರ್ಟದ್ದ್."

"ಕೇಣ್," ಎಂದು ಹೇಳಿ ಹಿಟ್ಟಿಗೆ ಮರಳಿದರು.

ಸಭೆಯಲ್ಲಿ ಟೇಪು ಹಾಕಿದೆ. ಈ ಸಲ ಕರೆಂಟು ಕೈಕೊಡಲಿಲ್ಲ. ಮೊದಲು ನರಳು, ಆಮೇಲೆ ಪೆಟ್ಟಿಗೆಯಿದ್ದ ಗೂಡಿನ ಸದ್ದು. ಮೇಜಿನ ಸುತ್ತ ಕೂತಿದ್ದವರಲ್ಲಿ ಒಬ್ಬಿಬ್ಬರು ಮುಗುಳ್ನಕ್ಕರು. ಎಲ್ಲರಿಗಿಂತ ದೊಡ್ಡ ಅಧಿಕಾರಿ ನಗಲಿಲ್ಲ, ಗಮನವಿಟ್ಟೇ ಕೇಳಿದರು.

"ನರಳುವ ಕೋಳಿಯ ಮೊಟ್ಟೆಯಲ್ಲಿ ಏನಾದರೂ ದೋಷ?"

"ಇಲ್ಲ ಸಾರ್."

"ಬೇಗ ಸಾಯುತ್ತದೆಯೆ?"

"ಹಾಗೆ ಕಂಡಿಲ್ಲ ಸಾರ್."

"ನಿಮ್ಮ ಪೆಟ್ಟಿಗೆ ಇಟ್ಟರೆ ಇನ್ನೊಂದು ಕೋಳಿಯ ಜಾಗ ಹೋಗುತ್ತದೆ. ಹೌದೆ? ದೇಶದಲ್ಲಿ ಮಕ್ಕಳಿಗೆ ಮೊಟ್ಟೆ ಸಾಲುತ್ತಿಲ್ಲ. ನಾನು ಅವರಿಗೆ ಏನು ಹೇಳಲಿ?"

"ಗೂಡಿನಿಂದ ಮೊಟ್ಟೆಗೆ ನಷ್ಟ ಇಲ್ಲ ಸಾರ್. ಆದರೆ ಕೋಳಿಗೆ ಕಷ್ಟ ಇದೆ. ಅದು ನಮಗೆ ಕೇಳಿಸುತ್ತಿದೆ," ಎಂದೆ.

ಅವರು ನಟೇಶನ್ ಸಾರ್ ಕಡೆ ತಿರುಗಿದರು. ಸಾರ್ ಎದ್ದು ನಿಂತು, ಗೂಡಿನ ವಿಧಾನಕ್ಕೆ ತಮ್ಮ ಸಮ್ಮತಿಯಿದೆ, ಆದರೆ ಈ ಹುಡುಗಿ ಕೇಳಿಸಿದ ಸದ್ದು ನಿಜವಾದದ್ದು, ತಾವೂ ಅದನ್ನು ಕೇಳಿದ್ದೇವೆ ಎಂದರು. ಅಷ್ಟೇ. ಗೂಡುಗಳು ಒಪ್ಪಿಗೆಯಾದವು.

ಮಿಸೆಸ್ ರೋಚ್‌ಗೆ ಸುದ್ದಿ ಕೊಡಲು ನಾನೇ ಹೋದೆ. ಅವರು ಟೀ ಕೊಟ್ಟರು, ಕೇಳಿಸಿಕೊಂಡರು. "ಹಾಗಾದರೆ ನಿಮ್ಮ ಗೂಡುಗಳನ್ನು ತೆಗೆದುಕೊಂಡು ಹೋಗಿ ಡಿಯರ್," ಎಂದರು. ಗೂಡು ಬೇಡವೆಂದರೆ ಅವರು ಯೋಜನೆಯಿಂದ ಹೊರಗೆ. ಮರಿಯಿಲ್ಲ, ಮೇವಿಲ್ಲ, ಮೊಟ್ಟೆ ಒಯ್ಯುವ ವ್ಯಾನೂ ಇಲ್ಲ. ನಾನು ಅದನ್ನೆಲ್ಲ ವಿವರಿಸಿದೆ, ಇನ್ನೊಮ್ಮೆ ಯೋಚಿಸಿ ಎಂದು ಬೇಡಿಕೊಂಡೆ.

"ನನ್ನ ಮಲಗುವ ಕೋಣೆಯ ಕಿಟಕಿ ಆ ಗೂಡುಗಳ ಕಡೆಗೇ ಇದೆ. ಯೋಚಿಸುವುದೇನಿದೆ?"

ಗೂಡುಗಳು ಹೋದವು. ಕೋಳಿಗಳು ಅಂಗಳಕ್ಕೆ ಇಳಿದವು. ವ್ಯಾನು ನಿಂತಿತು. ಶುಕ್ರವಾರದ ಪಲ್ಲಾವರಂ ಸಂತೆಯಲ್ಲಿ ಮಿಸೆಸ್ ರೋಚ್ ಬುಟ್ಟಿ ಇಟ್ಟುಕೊಂಡು ಬಿಸಿಲಲ್ಲಿ ಕೂತಿರುವುದನ್ನು ಕಂಡೆ. ಹಳೆಯ ಫರ್ನಿಚರು ಮಾರುವವರ ನಡುವೆ, ಹೂವಿನ ಗೌನಿನಲ್ಲಿ. ಮೊಟ್ಟೆ ಅರ್ಧಕ್ಕರ್ಧ ಉಳಿದಿತ್ತು. ಅವರು ಕೈಬೀಸಿದರು. ನನಗೆ ಮುಖ ತೋರಿಸಲಾಗಲಿಲ್ಲ.

ಆ ಸಂಜೆ ಸ್ನಾನ ಮಾಡಿ ಬಂದು ಊಟ ಸೇರದೆ ಕೂತಿದ್ದೆ. ಅಪ್ಪಯ್ಯ ಕಾರಣ ಕೇಳಿದರು. ಹೇಳಿದೆ. ಅವರು ಎಲೆಯಡಿಕೆ ಹಾಕಿಕೊಂಡರು.

"ಆ ಸಾಯಬ್ರ ಬೇಕರಿ ಇತ್ತಲೆ, ಸ್ಟೇಷನ್ ಆಚಿಗೆ. ಕೇಕ್ ಮಾಡ್ತ್ರ್. ಅವ್ರಿಗೆ ದಿನಾ ಮೊಟ್ಟೆ ಬೇಕ್. ನಂಗೆ ಸಕ್ರೆ ಅಂಗಡಿಯಂಗೆ ಗುರ್ತ."

"ಅಪ್ಪಯ್ಯ, ನೀವು ಮೊಟ್ಟೆ ವ್ಯಾಪಾರ ಮಾತಾಡ್ತ್ರ್ಯಾ?"

"ಮುಟ್ಟುಕಾಗ ಅಷ್ಟೇ. ಮಾತಾಡುಕೆ ಎಂತ?"

ಮರುದಿನ ಮಡಿಪಂಚೆ ಉಟ್ಟು, ಹಣೆಗೆ ಗಂಧ ಇಟ್ಟು, ಬೇಕರಿಯ ಹೊರಗೇ ನಿಂತು ಮಾತಾಡಿ ಬಂದರಂತೆ. ಬೇಕರಿಯವರ ಸೈಕಲ್ಲು ಪಲ್ಲಾವರಕ್ಕೆ ಹೋಗತೊಡಗಿತು. ಮಿಸೆಸ್ ರೋಚ್ ಕೆಲವು ವರ್ಷದ ಮೇಲೆ ಮಗಳ ಬಳಿಗೆ ಆಸ್ಟ್ರೇಲಿಯಾಕ್ಕೆ ಹಡಗು ಹತ್ತುವವರೆಗೂ ಆ ಏರ್ಪಾಡು ನಡೆಯಿತು. ಹೊರಡುವ ಮೊದಲು ಅಪ್ಪಯ್ಯನನ್ನು ನೋಡಲು ಹೋಟೆಲಿಗೆ ಬಂದರು. ಅಪ್ಪಯ್ಯ ಅವರನ್ನು ಮುಂದಿನ ಬಾಗಿಲಿನಿಂದಲೇ ಕರೆದು, ಫ್ಯಾನಿನ ಕೆಳಗೆ ಕೂರಿಸಿ, ತುಪ್ಪದ ದೋಸೆ ಕೊಟ್ಟರು. ಇವರಿಗೆ ಇಂಗ್ಲಿಷು ಬಾರದು, ಅವರಿಗೆ ಕನ್ನಡ ಬಾರದು, ಅವರ ತಮಿಳೂ ಹರಕುಮುರುಕು. ಅವರು ತಿನ್ನುವಷ್ಟು ಹೊತ್ತೂ ಇವರು ಎದುರಿಗೆ ನಿಂತಿದ್ದರು.

ಅಷ್ಟರಲ್ಲಿ ನಟೇಶನ್ ಸಾರ್ ನಿವೃತ್ತಿಯ ದಿನ ಬಂತು. ಹಾರ ಹಾಕಿ, ಮಾತಾಡಿ, ಬೂಂದಿ ಲಾಡು ಹಂಚಿಯಾಯಿತು. ಎಲ್ಲರೂ ಚದುರಿದ ಮೇಲೆ ಸಾರ್ ನನ್ನನ್ನು ಕರೆದುಕೊಂಡು ಗೂಡಿನ ಶೆಡ್ಡಿನ ಕಡೆ ನಡೆದರು. ಬಾಗಿಲ ತನಕ ಹೋಗಿ ನಿಂತರು.

"ನಿನ್ನ ಮೇಲೆ ನನಗೆ ಒಂದು ಆಕ್ಷೇಪಣೆ ಇದೆಯಮ್ಮಾ," ಎಂದರು. "ನೀನು ಆ ನರಳನ್ನು ಬಿಡಿಸಿ ಕೇಳಿಸುವ ತನಕ ನನಗೆ ಇದೊಂದು ಗದ್ದಲ. ಆಮೇಲೆ ಒಂದು ಬೆಳಿಗ್ಗೆಯೂ ಇಲ್ಲಿ ನಾನು ನೆಮ್ಮದಿಯಿಂದ ನಿಂತಿಲ್ಲ."

"ಕ್ಷಮಿಸಿ ಸಾರ್," ಎಂದೆ.

"ಕ್ಷಮೆ ಯಾಕೆ?" ಎಂದು ಹಾರವನ್ನು ಸೈಕಲ್ಲಿನ ಹ್ಯಾಂಡಲಿಗೆ ಸುತ್ತಿ ಹೊರಟುಹೋದರು.

ಅವರ ಕುರ್ಚಿಗೆ ನನ್ನನ್ನು ಹಾಕಿದರು. ಇಡೀ ವಿಧಾನ ಬದಲಿಸುವ ಅಧಿಕಾರ ಆ ಕುರ್ಚಿಗಿರಲಿಲ್ಲ. ಪ್ರಯೋಗ ಮಾಡುವ ಅಧಿಕಾರವಿತ್ತು. ಮೊಟ್ಟೆ ಸಾಗಿಸುವ ಪೆಟ್ಟಿಗೆ ಒಡೆದ ಹಲಗೆ, ಹಳೆಯ ಬೆಂಚು, ಸಿಕ್ಕಿದ ಮರ ಕೂಡಿಸಿ ಒಂದು ಇಡೀ ಸಾಲಿಗೆ ಹುಲ್ಲಿನ ಪೆಟ್ಟಿಗೆ ಮಾಡಿಸಿದೆ. ಮುನಿಯಮ್ಮ ಹುಲ್ಲು ತುಂಬಿದಳು. ಕೆಲಸ ಮುಗಿದ ಮೇಲೆ ನಟೇಶನ್ ಸಾರ್‌ಗೆ ಹೇಳಿಕಳಿಸಿದೆ. ಬರುತ್ತಾರೆಂದು ಖಾತ್ರಿಯಿರಲಿಲ್ಲ.

ಬೆಳಗಿನ ರೈಲಿಗೆ ಬಂದರು. ಟೋಪಿ ಇಲ್ಲ, ಪಂಚೆ, ಕೈಯಲ್ಲಿ ಕೊಡೆ. ಮೊಟ್ಟೆಯಿಡುವ ಹೊತ್ತಿಗೆ ಸರಿಯಾಗಿ ಇಬ್ಬರೂ ಒಳಗೆ ಹೋದೆವು. ಹೊಸ ಸಾಲಿನ ಮುಂದೆ ನಿಂತರು. ಪೆಟ್ಟಿಗೆಗಳೊಳಗೆ ಹುಲ್ಲು ಸರಿಯುವ ಸದ್ದು, ಅಲ್ಲೊಂದು ಇಲ್ಲೊಂದು ಮೆಲ್ಲಗಿನ ಗುನುಗು. ಸಾರ್ ತಲೆಯಾಡಿಸಿದರು. ಹಿಂದಿನ ಸಾಲುಗಳಲ್ಲಿ ಆ ನರಳು ಶುರುವಾಯಿತು. ಅವರು ಆ ಕಡೆ ತಿರುಗಿದರು.

"ಅಲ್ಲಿ?"

"ಮರ ಸಾಲಲಿಲ್ಲ ಸಾರ್."

ಅವರು ಕೊಡೆಯನ್ನು ಗೋಡೆಗೆ ಒರಗಿಸಿ, ಅಂಗಿಯ ತೋಳು ಮೇಲಕ್ಕೆ ಮಡಚಿದರು. ಹಿಂದಿನ ಸಾಲಿಗೆ ಹೋಗಿ, ಮೊದಲ ಗೂಡಿನ ಅಂಚಿಗೆ ಹೆಬ್ಬೆರಳು ಊರಿ, ಗೇಣು ಹಾಕಿ ಅಗಲ ಅಳೆಯತೊಡಗಿದರು.